ಹೌದು, ಬಾಗಿಲು ಹಾಕಿತ್ತು

ವಕೀಲರು ಕಾಗದವನ್ನು ಎರಡು ಸಲ ಓದಿದರು. ಮೊದಲ ಸಲ ಮನಸ್ಸಿನಲ್ಲೇ, ಎರಡನೆಯ ಸಲ ಗಟ್ಟಿಯಾಗಿ. ಗಟ್ಟಿಯಾಗಿ ಓದುವಾಗ ಎದುರಿಗೆ ಕೂತವನ ಮುಖ ನೋಡಲಿಲ್ಲ. ಗೋಡೆಯ ಮೇಲಿನ ಫ್ಯಾನಿನ ಸ್ವಿಚ್ಚಿಗೆ ಒಪ್ಪಿಸುವವರ ಹಾಗೆ ಓದಿದರು.

"'ಅಪ್ಪ ಬಾಗಿಲು ಹಾಕಿದ. ಮೈಮೇಲೆ ನೇರಳೆ ಬಣ್ಣದಲ್ಲಿ ಗೆರೆ ಎಳೆದ. ಒದ್ದೆದು ಏನೋ ಸುತ್ತಿದ. ಆಮೇಲೆ ಬಿಸಿ ಆಯ್ತು. ಅಲ್ಲಾಡಬೇಡ ಅಂದ. ಅಮ್ಮಂಗೆ ಹೇಳಬೇಡ ಅಂದ.' ಅಷ್ಟೇ. ಆರು ಮಾತು."

"ಎಲ್ಲಾ ನಿಜ," ಎಂದ ಅವನು.

ವಕೀಲರ ಕನ್ನಡಕ ಮೂಗಿನ ತುದಿಗೆ ಜಾರಿತು. "ಏನು ನಿಜ?"

"ನನ್ನ ಮಗಳು ಹೇಳಿದ್ದು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿ ಇಲ್ಲ."

"ನೋಡಪ್ಪ, ಈ ಕೋಣೆಯಲ್ಲಿ ಅಂದೆ, ಸರಿಹೋಯ್ತು. ಹೊರಗೆ ಹೀಗಂದ್ರೆ ನಿನ್ನನ್ನ ನಾನಲ್ಲ, ನಮ್ಮಪ್ಪ ಎದ್ದು ಬಂದ್ರೂ ಬಿಡಿಸೋಕಾಗಲ್ಲ."

ಅವನು ದೊಡ್ಡಾಸ್ಪತ್ರೆಯ ಹಿಂಬದಿಯ ಕಾರ್ಯಾಗಾರದಲ್ಲಿ ಅಚ್ಚು ತೆಗೆಯುವವನು. ಕೃತಕ ಕಾಲಾಗಲಿ, ಬಾಗಿದ ಬೆನ್ನಿಗೆ ಹಾಕುವ ಕವಚವಾಗಲಿ, ಮಾಡುವ ಮೊದಲು ಆ ಅಂಗಕ್ಕೆ ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿ ಅಚ್ಚು ತೆಗೆಯಬೇಕು. ಹದಿನೇಳು ವರ್ಷದಿಂದ ಅವನು ಮಾಡಿದ್ದು ಅದೊಂದೇ ಕೆಲಸ. ಉಗುರಿನ ಸಂದಿಯಲ್ಲಿ ಬಿಳಿ ಗಾರೆ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಅಲ್ಲಿಗೆ ಬರುವ ಮಕ್ಕಳು ಅವನನ್ನು ಗಾರೆ ಮಾಮ ಎನ್ನುತ್ತಿದ್ದವು. ದೊಡ್ಡವರು ಬರೀ ಗಾರೆ.

ಅವನ ಮಗಳಿಗೆ ಎಂಟು ವರ್ಷ. ಬೆನ್ನುಮೂಳೆ ಎಡಕ್ಕೆ ವಾಲುತ್ತಿದೆ ಎಂದು ಗೊತ್ತಾದದ್ದು ಗಂಡಹೆಂಡತಿ ಬೇರೆಯಾದ ಮೇಲೆ. ಹೆಂಡತಿ ಬೇರೊಂದು ಕಡೆ ಕವಚ ಮಾಡಿಸಿದಳು. "ನನ್ನ ಮಗಳ ಬೆನ್ನು ನಿನ್ನ ಕಾರ್ಖಾನೆ ಅಲ್ಲ. ನೀನು ಅಪ್ಪನಾಗಿರು, ಅಷ್ಟು ಸಾಕು," ಎಂದಿದ್ದಳು. ಅವನು ಆಗಲಿ ಎಂದಿದ್ದ. ಆದರೆ ಮಗಳು ಶನಿವಾರ ಅವನ ಮನೆಗೆ ಬಂದಾಗಲೆಲ್ಲ ಆ ಕವಚ ಕಂಡು ಅವನ ಮೈ ಉರಿಯುತ್ತಿತ್ತು. ಪಕ್ಕೆಯಲ್ಲಿ ಒತ್ತಬೇಕಾದ ಕಡೆ ಸಡಿಲ. ಕಂಕುಳಲ್ಲಿ ಸಡಿಲವಿರಬೇಕಾದ ಕಡೆ ಬಿಗಿ. ಯಾವನೋ ಬೇಜವಾಬ್ದಾರಿಯವನ ಕೈಕೆಲಸ. ಒಂದು ಭಾನುವಾರ ತಡೆಯಲಾರದೆ ಮಗಳನ್ನು ಕಾರ್ಯಾಗಾರಕ್ಕೆ ಕರೆದುಕೊಂಡು ಹೋಗಿ ತಾನೇ ಅಚ್ಚು ತೆಗೆದ. ಹೊಸ ಕವಚ ಸಿದ್ಧವಾದ ಮೇಲೆ ತಾಯಿಯ ಮುಂದೆ ಹಿಡಿದು, ನೋಡು ಕೆಲಸ ಅಂದರೆ ಇದು ಎನ್ನಬೇಕೆಂಬ ಹುಮ್ಮಸ್ಸು. ಅಲ್ಲಿಯವರೆಗೆ ಗುಟ್ಟು ಎಂದ. ಮಗಳು ತಲೆ ಆಡಿಸಿದಳು.

ಸೋಮವಾರ ಸ್ನಾನ ಮಾಡಿಸುವಾಗ ಸೊಂಟದ ಎರಡೂ ಬದಿಗೆ ನೇರಳೆ ಗೆರೆ ಕಂಡ ತಾಯಿ, ಏನಿದು ಎಂದಳು. ಮಗಳು ಮಾತು ಕೊಟ್ಟಿದ್ದಳಲ್ಲ, ಸುಮ್ಮನಿದ್ದಳು. ಮೂರು ದಿನ ಸುಮ್ಮನಿದ್ದಳು. ಆ ಮೂರು ದಿನದಲ್ಲಿ ಆ ಮನೆಯಲ್ಲಿ ಏನೇನು ಬೆಳೆಯಿತೋ ಅವನಿಗೆ ಗೊತ್ತಿಲ್ಲ, ಊಹಿಸಬಲ್ಲ. ನಾಲ್ಕನೆಯ ದಿನ ಮಗು ಅತ್ತು ಆರು ಮಾತು ಹೇಳಿತು. ಕವಚ ಎಂಬ ಒಂದು ಮಾತನ್ನು ಮಾತ್ರ ಹೇಳಲಿಲ್ಲ. ಅದು ಗುಟ್ಟಾಗಿತ್ತು. ಕೊಟ್ಟ ಮಾತನ್ನು ಅವಳು ತನಗೆ ತಿಳಿದ ರೀತಿಯಲ್ಲಿ ಉಳಿಸಿಕೊಂಡಿದ್ದಳು.

ಮಗಳು ವಾರದಲ್ಲಿ ಅರ್ಧ ಅಪ್ಪನ ಹತ್ತಿರ ಇರಲಿ ಎಂದು ಅವನು ಹಾಕಿದ್ದ ಅರ್ಜಿ ಇನ್ನೆರಡು ವಾರಕ್ಕೆ ತೀರ್ಮಾನಕ್ಕೆ ಬರುವುದಿತ್ತು. ಹೆಂಡತಿಯ ಅಣ್ಣ ಆ ಆರು ಮಾತನ್ನು ಎತ್ತಿಕೊಂಡು ಠಾಣೆಗೆ ಹೋದ. ಅರ್ಜಿ ಅಲ್ಲಿಗೇ ನಿಂತಿತು.

"ಎರಡು ದಾರಿ ಇದೆ," ಎಂದರು ವಕೀಲರು ಬೆರಳು ಮಡಚುತ್ತ. "ಒಂದು, ರಾಜಿ. ಅರ್ಧ ವಾರದ ಅರ್ಜಿ ನೀನು ವಾಪಸ್ ತಗೋ. ತಿಂಗಳಿಗೆ ಒಂದು ಗಂಟೆ, ಮೇಲ್ವಿಚಾರಕರ ಎದುರಿಗೆ, ಮಗಳನ್ನ ನೋಡ್ಕೋ. ಏನೋ ತಪ್ಪು ತಿಳುವಳಿಕೆ ಆಯ್ತು ಅಂತ ಅವರೂ ಬರ್ಕೊಡ್ತಾರಂತೆ. ಎರಡನೇದು, ಹೊಡೆದಾಟ. ಮಗುಗೆ ಹೇಳಿಕೊಟ್ಟು ಹೇಳಿಸಿದ್ದಾರೆ, ಮಾವ ಪಾಠ ಮಾಡಿದ್ದಾನೆ ಅಂತ ನಾವು ಹೇಳೋದು. ಮಗು ಸುಳ್ಳು ಹೇಳ್ತಿದೆ ಅಂತ ತೋರಿಸಿಬಿಟ್ಟರೆ ಕೇಸು ಬಿದ್ದುಹೋಗುತ್ತೆ."

"ನಾನು ಏನಾದ್ರೂ ಮಾಡಿದ್ದರೆ ಆ ಒಂದು ಗಂಟೆ ಯಾಕೆ ಕೊಡ್ತಾರೆ? ಮಾಡಿಲ್ಲ ಅಂದ್ರೆ ಒಂದೇ ಗಂಟೆ ಯಾಕೆ?"

ವಕೀಲರು ಕಾಗದವನ್ನು ಮಡಚಿ ಫೈಲಿಗೆ ಹಾಕಿದರು.

"ಸರ್, ಎರಡೂ ಬೇಡ. ಅವಳು ಸುಳ್ಳು ಹೇಳಿಲ್ಲ. ಅವಳ ಬಾಯಲ್ಲಿ ಯಾರೂ ಮಾತು ತುರುಕಿಲ್ಲ. ಅವಳು ಆರು ಹೇಳಿದ್ಳು, ಏಳನೇದನ್ನ ದೊಡ್ಡವರು ಸೇರಿಸ್ಕೊಂಡ್ರು."

"ಮೂರನೇ ದಾರಿ ಇಲ್ಲಪ್ಪ."

"ಇಲ್ಲ ಅಂದ್ರೆ ದಾರಿ ಇಲ್ಲದೇ ಹೋಗೋಣ. ವಿಚಾರಣೆಯವರನ್ನ ಕರೆಸಿ. ಬಾಯಿ ಬಿಡಬೇಡ ಅಂತ ಒಂದು ತಿಂಗಳು ನನ್ನ ಬಾಯಿಗೆ ಬೀಗ ಹಾಕಿಸಿದ್ರಿ. ಇನ್ನು ಆಗಲ್ಲ."

"ರಾಜಿ ಬಿಟ್ಟರೆ ವಿಚಾರಣೆ ಮುಗಿಯೋ ತನಕ ಒಂದು ನಿಮಿಷವೂ ಮಗಳ ಮುಖ ನೋಡಂಗಿಲ್ಲ. ವರ್ಷ ಆಗಬಹುದು. ಒಳಗೆ ಹೋದೆ ಅಂದ್ರೆ ಅವಳು ದೊಡ್ಡವಳಾಗೋ ತನಕ. ಗೊತ್ತಲ್ಲ?"

ಗೊತ್ತಿತ್ತು. ಬೀದಿಗೆ ಇಳಿದು ಬಸ್ಸಿಗೆ ಕಾಯುತ್ತ ನಿಂತ. ಎದುರಿನ ಅಂಗಡಿಯ ಗಾಜಿನಲ್ಲಿ ತನ್ನ ಕೈ ಜೇಬಿನೊಳಗೆ ಅಡಗಿರುವುದು ಕಂಡಿತು. ಈ ಒಂದು ತಿಂಗಳಲ್ಲಿ ಅವನು ತನ್ನ ಕೈಗಳನ್ನೇ ಅಪರಿಚಿತರನ್ನು ನೋಡುವಂತೆ ನೋಡಲು ಕಲಿತಿದ್ದ. ಅದು ಅವನಿಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರಿಸಿದ ಸಂಗತಿ. ಬೇಕೆಂದೇ ಎರಡೂ ಕೈಯನ್ನು ಜೇಬಿನಿಂದ ತೆಗೆದು ಹೊರಗೆ ಬಿಟ್ಟ.

ಕಾರ್ಯಾಗಾರದಲ್ಲಿ ಅವನನ್ನು ಅಚ್ಚಿನ ಕೋಣೆಯಿಂದ ಎಬ್ಬಿಸಿ ಉಜ್ಜುವ ಯಂತ್ರದ ಮುಂದೆ ಕೂರಿಸಿದ್ದರು. ರೋಗಿಗಳ ಹತ್ತಿರ ಹೋಗುವಂತಿಲ್ಲ. ದಿನವಿಡೀ ಪ್ಲಾಸ್ಟಿಕ್ಕಿನ ಅಂಚು ನಯ ಮಾಡುವುದು. ಪಕ್ಕದ ಮೇಜಿನಲ್ಲಿ ಚರ್ಮದ ಪಟ್ಟಿ ಹೊಲಿಯುವ ದೊಡ್ಡಕ್ಕ. ಮೂವತ್ತು ವರ್ಷದ ಅನುಭವಸ್ಥೆ, ಎಲ್ಲರಿಗೂ ಅಕ್ಕ, ನಿವೃತ್ತಿಗೆ ಐದು ತಿಂಗಳು. ಯಂತ್ರ ನಿಂತಿದ್ದ ಹೊತ್ತು ನೋಡಿ ಅವಳು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

ಅಲ್ಲಿ ನಾಲ್ಕು ಕಣ್ಣಿನ ನಿಯಮ ಎಂಬುದೊಂದಿತ್ತು. ಯಾರದೇ ಅಚ್ಚು ತೆಗೆಯುವಾಗ ಕೋಣೆಯಲ್ಲಿ ಇನ್ನೊಬ್ಬ ಕೆಲಸಗಾರ ಇರಬೇಕು, ಅಚ್ಚಿನ ಪುಸ್ತಕದಲ್ಲಿ ಇಬ್ಬರ ಸಹಿಯೂ ಬೀಳಬೇಕು. ಹೊಸಬರಿಗೆ ಈ ನಿಯಮವನ್ನು ಗದರಿಸಿ ಕಲಿಸುತ್ತಿದ್ದವನು ಅವನೇ. ಸ್ವಂತ ಮಗಳು ರೋಗಿ ಅಲ್ಲವಲ್ಲ ಎಂದು ಆ ಭಾನುವಾರ ತನಗೆ ತಾನೇ ಹೇಳಿಕೊಂಡಿದ್ದ.

"ಲೋ ಗಾರೆ," ಎಂದಳು ದೊಡ್ಡಕ್ಕ ದಾರ ಹಲ್ಲಿನಲ್ಲಿ ಕಡಿಯುತ್ತ. "ಆ ಭಾನುವಾರ ನಾನೂ ಬಂದಿದ್ದೆ."

"ಎಲ್ಲಿ ಬಂದಿದ್ದೆ?"

"ಇಲ್ಲಿ. ಹೊಲಿಗೆ ಬಾಕಿ ಇತ್ತು ಅಂತ ಬಂದೆ. ನೀನು ಅಚ್ಚು ತೆಗೀವಾಗ ಮೂಲೇಲಿ ಸ್ಟೂಲ್ ಮೇಲೆ ಕೂತಿದ್ದೆ. ಪುಸ್ತಕದಲ್ಲಿ ಸಹಿ ಹಾಕೋದು ಮರೆತೆ, ವಯಸ್ಸಾಯ್ತಲ್ಲ."

ಅವನು ಅವಳನ್ನೇ ನೋಡಿದ. ಅವಳು ಸೂಜಿಗೆ ದಾರ ಪೋಣಿಸುವುದರಲ್ಲಿ ಮುಳುಗಿದ್ದಳು.

"ಅಕ್ಕ, ನೀನು ಬಂದಿರಲಿಲ್ಲ."

"ಅದು ಯಾರಿಗೆ ಗೊತ್ತು?"

"ಅವಳಿಗೆ ಗೊತ್ತು."

ದೊಡ್ಡಕ್ಕನ ಸೂಜಿ ನಿಂತಿತು.

"ನಾಳೆ ಅವಳನ್ನ ಕೇಳ್ತಾರೆ, ದೊಡ್ಡಕ್ಕ ಇದ್ರಾ ಪುಟ್ಟಿ ಅಂತ. ಇರಲಿಲ್ಲ ಅಂತಾಳೆ. ಆಗ ಸುಳ್ಳಿ ಯಾರಾಗ್ತಾರೆ? ನೀನಾ, ಅವಳಾ? ನಿನ್ನ ಮೂವತ್ತು ವರ್ಷದ ಮಾತು ನಂಬ್ತಾರೆ ಅಕ್ಕ. ಅವಳದ್ದು ಎಂಟು ವರ್ಷದ ಬಾಯಿ."

"ಜೈಲಿಗೆ ಹೋಗ್ತೀಯ ಮುಟ್ಠಾಳ."

"ಹೋದ್ರೆ ಅವಳು ನಿಜ ಹೇಳಿದ್ಳು ಅಂತ ಗೊತ್ತಿದ್ದು ಹೋಗ್ತೀನಿ."

"ದೊಡ್ಡ ಮಾತಾಡ್ತಾನೆ," ಎಂದು ಅವಳು ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡಳು. ಆದರೆ ಸಂಜೆ ಹೋಗುವಾಗ ಅವನ ಹೆಗಲ ಮೇಲಿನ ಪ್ಲಾಸ್ಟಿಕ್ ಪುಡಿಯನ್ನು ಎರಡು ಸಲ ತಟ್ಟಿ ಉದುರಿಸಿದಳು.

ವಿಚಾರಣಾಧಿಕಾರಿ ಗುರುವಾರ ಬೆಳಿಗ್ಗೆ ಕಾರ್ಯಾಗಾರಕ್ಕೆ ಬಂದಳು, ವಕೀಲರೂ ಇದ್ದರು. ನಲವತ್ತರ ಆಸುಪಾಸಿನ ಹೆಂಗಸು, ದಣಿದ ದನಿ, ನೀರಿನ ಬಾಟಲು ಸಹ ಮನೆಯಿಂದಲೇ ತಂದಿದ್ದಳು. ಕೊಟ್ಟ ಚಹಾ ಮುಟ್ಟಲಿಲ್ಲ. ಅವಳು ಅಚ್ಚಿನ ಕೋಣೆಯ ನಡುವೆ ನಿಂತು ಬಕೆಟ್ಟು, ಪಟ್ಟಿಯ ಸುರುಳಿ, ಕಪಾಟಿನಲ್ಲಿ ಸಾಲಾಗಿ ನಿಂತ ಗಾರೆಯ ಬಿಳಿ ಮೈಗಳನ್ನೆಲ್ಲ ಒಂದೊಂದಾಗಿ ನೋಡಿದಳು.

"ಮಗು ಹೇಳಿದ್ದನ್ನ ನಾನು ನಂಬ್ತೀನಿ. ಅದನ್ನ ಮೊದಲೇ ಹೇಳಿಬಿಡ್ತೀನಿ," ಎಂದಳು.

"ನಾನೂ ನಂಬ್ತೀನಿ ಮೇಡಂ. ಅದಕ್ಕೇ ನಿಮ್ಮನ್ನ ಕರೆಸಿದ್ದು. ಅಚ್ಚು ತೆಗೆದು ತೋರಿಸೋಕೆ ಯಾರದಾದ್ರೂ ಒಂದು ಕೈ ಬೇಕಾಗಿತ್ತು."

ಅವಳು ಅಲುಗಾಡಲಿಲ್ಲ. ಅವನೂ ಅವಳೂ ವಕೀಲರ ಕಡೆ ತಿರುಗಿದರು.

"ನನ್ನದಾ? ಇದು ಹೊಸ ಅಂಗಿ," ಎಂದರು ವಕೀಲರು.

"ತೋಳು ಮಡಚಿ ಸರ್. ನೋವಾಗಲ್ಲ. ಮೂರು ವರ್ಷದ ಮಕ್ಕಳೇ ಕೂತ್ಕೊಳ್ತಾವೆ."

ಮೊಳಕೈಯಿಂದ ಮಣಿಕಟ್ಟಿನವರೆಗೆ ತೆಳುವಾದ ಹತ್ತಿಯ ತೋಳುಚೀಲ ಏರಿಸಿದ. ಒದ್ದೆ ಮಾಡಿದ ನೇರಳೆ ಪೆನ್ಸಿಲ್ಲಿನಿಂದ ಮೂಳೆ ಉಬ್ಬಿದ ಕಡೆ ಎರಡು ಗೆರೆ ಎಳೆದ. ಈ ಬಣ್ಣ ಬಟ್ಟೆಯಿಂದ ಚರ್ಮಕ್ಕೂ ಇಳಿಯುತ್ತದೆ, ಗಾರೆಗೂ ಏರುತ್ತದೆ, ಅದಕ್ಕೇ ಇದನ್ನು ಬಳಸುವುದು ಎಂದ. ಪಟ್ಟಿಯನ್ನು ನೀರಿನಲ್ಲಿ ಅದ್ದಿ ಹಿಂಡಿ ಸುತ್ತಿದ. ತಿಂಗಳ ಮೇಲೆ ಇದೇ ಮೊದಲ ಸಲ ಅವನ ಬೆರಳು ತಮ್ಮ ಕೆಲಸಕ್ಕೆ ಮರಳಿದ್ದವು. ಅಧಿಕಾರಿ ಬೆರಳುಗಳನ್ನೇ ನೋಡುತ್ತಿದ್ದಳು. ನೋಡಲಿ ಎಂದುಕೊಂಡ.

ಮೂರು ನಿಮಿಷ ಕಳೆಯಿತು.

"ಇದೇನಯ್ಯ ಬಿಸಿ ಆಗ್ತಿದೆ!" ವಕೀಲರು ಕೈ ಎಳೆದುಕೊಂಡರು.

"ಅಲ್ಲಾಡಬೇಡಿ!"

ಆ ಮಾತು ಅವನ ಬಾಯಿಂದ ತಾನಾಗಿ ಬಂದಿತ್ತು. ಅಧಿಕಾರಿ ಪುಸ್ತಕ ತೆರೆದು ಏನೋ ಬರೆದುಕೊಂಡಳು.

"ಗಾರೆ ಗಟ್ಟಿಯಾಗುವಾಗ ಬಿಸಿ ಆಗುತ್ತೆ ಮೇಡಂ. ಅಲ್ಲಾಡಿದ್ರೆ ಅಚ್ಚು ಸೀಳುತ್ತೆ." ಕತ್ತರಿಯಿಂದ ಅಚ್ಚನ್ನು ಬಿಡಿಸಿ ಒಳಬದಿ ತೋರಿಸಿದ. ಎರಡು ನೇರಳೆ ಗೆರೆ ಒಳಗೆ ಕನ್ನಡಿಯಲ್ಲಿ ಮೂಡಿದಂತೆ ಮೂಡಿದ್ದವು. ಕಪಾಟಿನ ಕೆಳಸಾಲಿನಿಂದ ಮಗಳ ಬೆನ್ನಿನ ಬಿಳಿ ಅಚ್ಚನ್ನು ತಂದು ಮೇಜಿನ ಮೇಲಿಟ್ಟ. ಸೊಂಟದ ಎರಡು ಬದಿ, ಪಕ್ಕೆಲುಬಿನ ಕೆಳಗೆ, ಬೆನ್ನಿನ ನಡುವೆ ವಾಲಿದ ಒಂದು ಉದ್ದ ಗೆರೆ. ಅಧಿಕಾರಿ ತನ್ನ ಫೈಲಿನಲ್ಲಿದ್ದ ಮಗುವಿನ ಮೈಮೇಲಿನ ಗೆರೆಗಳ ಚಿತ್ರವನ್ನೂ ಅದನ್ನೂ ಬಹಳ ಹೊತ್ತು ಹೋಲಿಸಿದಳು.

"ಬಣ್ಣ ಆಯ್ತು, ಒದ್ದೆ ಆಯ್ತು, ಬಿಸಿ ಆಯ್ತು. ಬಾಗಿಲು?"

"ಹೊರಗೆ ಉಜ್ಜುವ ಯಂತ್ರ ಇದೆಯಲ್ಲ, ಪುಡಿ ಹಾರಿ ಬಂದು ಒದ್ದೆ ಗಾರೆಗೆ ಕೂರುತ್ತೆ. ಅದಕ್ಕೆ ಯಾವಾಗ್ಲೂ ಹಾಕ್ತೀವಿ."

"ಭಾನುವಾರ ಯಂತ್ರ ಓಡ್ತಿತ್ತಾ?"

ವಕೀಲರು ಕೆಮ್ಮಿದರು. ಅದು ಕೆಮ್ಮಲ್ಲ, ಎಚ್ಚರಿಕೆ. ಅಭ್ಯಾಸ ಎಂದುಬಿಡಬಹುದಿತ್ತು. ಹದಿನೇಳು ವರ್ಷದ ಅಭ್ಯಾಸ ಎಂದರೆ ಯಾರಾದರೂ ಒಪ್ಪುತ್ತಿದ್ದರು. ಅವನು ಆ ಭಾನುವಾರದ ಬಾಗಿಲನ್ನು ನೆನಪಿಸಿಕೊಂಡ. ಚಿಲಕಕ್ಕೆ ಕೈ ಹಾಕುವ ಮೊದಲು ಪಡಸಾಲೆಯ ಎರಡೂ ಬದಿ ನೋಡಿದ್ದನ್ನು ನೆನಪಿಸಿಕೊಂಡ.

"ಓಡ್ತಿರಲಿಲ್ಲ," ಎಂದ. "ಕಾವಲಿನವನು ನೋಡಬಾರದು ಅಂತ ಹಾಕಿದೆ. ಇನ್ನೊಬ್ಬರಿಲ್ಲದೆ ಅಚ್ಚು ತೆಗೆಯೋ ಹಾಗಿಲ್ಲ. ನಿಯಮ ಮುರೀತಿದ್ದೆ, ಗೊತ್ತಿದ್ದೇ ಮುರಿದೆ. ಸಿಕ್ಕಿಬಿದ್ರೆ ಅವಳ ಅಮ್ಮನಿಗೆ ಸುದ್ದಿ ಹೋಗುತ್ತೆ ಅಂತ ಹೆದರಿದ್ದೆ."

"ಅಯ್ಯೋ," ಎಂದರು ವಕೀಲರು ಗಾರೆ ಮೆತ್ತಿದ ಕೈಯನ್ನು ಹಣೆಗೆ ಒತ್ತಿಕೊಂಡು.

ಅಧಿಕಾರಿ ಬರೆಯುವುದನ್ನು ನಿಲ್ಲಿಸಿದಳು. "ಇಷ್ಟು ಹೊತ್ತು ಹೇಳಿದ್ದರಲ್ಲಿ ನಿಮಗೆ ಕೆಡುಕಾಗೋ ಮಾತು ಇದೊಂದೇ. ಯಾಕೆ ಹೇಳಿದ್ರಿ?"

"ನೀವು ಕೇಳಿದ್ರಿ."

ಅವಳು ಬಾಟಲಿನಿಂದ ಎರಡು ಗುಟುಕು ನೀರು ಕುಡಿದಳು. "ಒಂದು ಮಾತು ತಿಳ್ಕೊಳ್ಳಿ. ಒಳಗೆ ಏನಾಯ್ತು ಅನ್ನೋದಕ್ಕೆ ಈ ಅಚ್ಚು ಪೂರ್ತಿ ಸಾಕ್ಷಿ ಅಲ್ಲ."

"ಅಲ್ಲ. ಒಳಗೆ ಇದ್ದವರು ಇಬ್ಬರೇ. ಒಬ್ಬ ನಾನು, ನನ್ನ ಮಾತು ನಂಬಬೇಡಿ. ಅವಳನ್ನ ಕೇಳಿ. ಮಕ್ಕಳ ಜೊತೆ ಮಾತಾಡೋದು ಗೊತ್ತಿರೋರು, ನಮ್ಮ ಎರಡೂ ಕಡೆಗೆ ಸೇರದವರು ಕೇಳಲಿ. ಪಕ್ಕದಲ್ಲಿ ಅವಳ ಮಾವ ಕೂರೋದು ಬೇಡ. ಅವಳಿಗೆ ಒಂದು ಮಾತು ತಲುಪಿಸ್ತೀರಾ? ಗುಟ್ಟು ಮುಗೀತಂತೆ, ಎಲ್ಲಾ ಹೇಳಬಹುದಂತೆ ಅಂತ."

"ತಲುಪಿಸಲ್ಲ," ಎಂದಳು ಅವಳು ಥಟ್ಟನೆ. "ನಿಮ್ಮ ಕಡೆಯಿಂದ ಒಂದು ಮಾತು ಹೋದರೂ ಅದು ಹೇಳಿಕೊಟ್ಟ ಹಾಗೆ."

ಅವಳ ಮಾತು ತಪ್ಪಾಗಿರಲಿಲ್ಲ. ತಾನೇ ಹಾಕಿದ ಬೀಗ, ತಾನು ತೆಗೆಯುವಂತಿಲ್ಲ. ಅವಳು ಹೋದ ಮೇಲೆ ವಕೀಲರು ನಲ್ಲಿಯ ಕೆಳಗೆ ಕೈ ಉಜ್ಜುತ್ತ, "ರಾಜಿ ಕಾಗದ ಶುಕ್ರವಾರ ಹನ್ನೊಂದಕ್ಕೆ. ಒಂದು ರಾತ್ರಿ ಯೋಚನೆ ಮಾಡು ಮಾರಾಯ," ಎಂದರು.

ಸಂಧಾನದ ಕೋಣೆ ಕುಟುಂಬ ನ್ಯಾಯಾಲಯದ ಎರಡನೇ ಮಹಡಿಯಲ್ಲಿತ್ತು. ದುಂಡು ಮೇಜು. ಯಾರೂ ಯಾರಿಗೂ ಎದುರಾಗಬಾರದು ಎಂದು ದುಂಡು ಮಾಡಿಸಿದ್ದರಂತೆ. ಆದರೂ ಎಲ್ಲರೂ ಎದುರಿಗೇ ಕೂತಿದ್ದರು. ಸಂಧಾನಕಾರ ಬಿಳಿ ಹುಬ್ಬಿನ ಮುದುಕ. ಮುದುಕನ ಬಲಕ್ಕೆ ಹೆಂಡತಿ, ಅವಳ ಪಕ್ಕದಲ್ಲಿ ಅವಳ ಅಣ್ಣ. ಅಚ್ಚು, ಕವಚದ ಸಂಗತಿ ಅಷ್ಟರಲ್ಲಿ ವಕೀಲರ ಮೂಲಕ ಅವರ ಕಿವಿಗೂ ಬಿದ್ದಿತ್ತು. ಅವಳು ಸೊರಗಿದ್ದಳು. ಒಂದು ತಿಂಗಳಿಂದ ನಿದ್ದೆ ಮಾಡದ ಮುಖ. ಆ ಮುಖ ಕಂಡು ಅವನಿಗೆ ಬರಬೇಕಾದ ಸಿಟ್ಟು ಬರಲಿಲ್ಲ. ಅದು ಅವನಿಗೇ ಆಶ್ಚರ್ಯವಾಯಿತು.

ಸಂಧಾನಕಾರ ಕಾಗದವನ್ನು ಅವನ ಕಡೆ ಸರಿಸಿ, ಅದರ ಮೇಲೆ ಪೆನ್ನು ಇಟ್ಟ. "ಓದಿದೀರಲ್ಲ?"

"ಓದಿದೀನಿ. ಸಹಿ ಹಾಕಲ್ಲ."

"ಭಾವ ಅಂತ ಮರ್ಯಾದೆ ಇಟ್ಕೊಂಡು ಇಷ್ಟು ಬಿಟ್ಟುಕೊಟ್ಟಿದ್ದೀವಿ," ಎಂದ ಹೆಂಡತಿಯ ಅಣ್ಣ ಮೇಜಿಗೆ ಬಾಗಿ. "ಪೂರ್ತಿ ಬೀದಿಗೆ ಬರಬೇಕು ಅಂತ ಆಸೆನಾ?"

"ಬೀದಿಗೇ ಬರಲಿ. ನಾನು ಅದಕ್ಕೇ ನಿಂತಿದ್ದೀನಿ."

"ಮಾನ ಇದ್ದೋರು ಹಿಂಗೆ ಮಾತಾಡಲ್ಲ."

"ಮಾನದ ಲೆಕ್ಕ ಆಮೇಲೆ ನೋಡೋಣ. ನೀನು ಮಗು ಪಕ್ಕ ಕುರ್ಚಿ ಹಾಕ್ಕೊಂಡು ಕೂತು, ಆಮೇಲೆ ಏನಾಯ್ತು, ಆಮೇಲೆ ಏನಾಯ್ತು ಅಂತ ಎಷ್ಟು ಸಲ ಕೇಳಿದೆ? ಅವಳು ಪ್ರತಿ ಸಲ ಅದೇ ಆರು ಹೇಳಿದ್ಳು. ಏಳನೇದು ಹೇಳಲಿಲ್ಲ. ಎಂಟು ವರ್ಷದ ಹುಡುಗಿ ನಿನಗಿಂತ ಗಟ್ಟಿ."

ಅಣ್ಣ ಎದ್ದು ನಿಂತ. ಸಂಧಾನಕಾರ ಅಂಗೈ ತೋರಿಸಿ ಕೂರಿಸಿದ. ಕಿಟಕಿಯಾಚೆ ಯಾರೋ ಮೋಟಾರು ಬೈಕನ್ನು ಒದ್ದು ಒದ್ದು ಸೋಲುತ್ತಿದ್ದರು.

ಅವನು ಹೆಂಡತಿಯ ಕಡೆ ತಿರುಗಿದ. "ನೀನು ಹೆದರಿದ್ದು ತಪ್ಪಲ್ಲ. ಆ ಗೆರೆ ನೋಡಿ, ಅವಳು ಮೂರು ದಿನ ಬಾಯಿ ಬಿಡದೆ ಇದ್ದಿದ್ರೆ ನಾನೂ ಹೆದರ್ತಿದ್ದೆ. ಆದ್ರೆ ನೀನು ನನ್ನನ್ನ ಒಂದು ಸಲವೂ ಕೇಳಲಿಲ್ಲ. ಈಗ ಕೇಳು. ಎಲ್ಲರ ಮುಂದೆ ಕೇಳು."

ಅವಳು ಮೇಜನ್ನು ನೋಡುತ್ತಿದ್ದಳು. ಕೇಳುವುದಿಲ್ಲ ಎಂದುಕೊಂಡ. ಹನ್ನೊಂದು ವರ್ಷ ಅವರ ನಡುವೆ ಆಡಿದ್ದಕ್ಕಿಂತ ಆಡದೆ ಬಿಟ್ಟದ್ದೇ ಹೆಚ್ಚು. ಈಗ ಮಾತ್ರ ಹೊಸದಾಗಿ ಏಕೆ ಆಡುತ್ತಾಳೆ.

"ಯಾಕೆ ಮುಚ್ಚಿಟ್ಟೆ?" ಎಂದಳು ಅವಳು. ತಲೆ ಎತ್ತಿರಲಿಲ್ಲ. "ಬೇಡ ಅಂದಿದ್ದೆ. ಆಯ್ತು ಅಂದಿದ್ದೆ ನೀನು. ಮಾಡಿದೆ, ಸರಿ. ಮಗು ಹತ್ರ ಯಾಕೆ ಮುಚ್ಚಿಡಿಸಿದೆ?"

ಠಾಣೆಯಲ್ಲಿ, ಆಸ್ಪತ್ರೆಯಲ್ಲಿ, ವಕೀಲರ ಕೋಣೆಯಲ್ಲಿ ಯಾರೂ ಕೇಳಿರದ ಪ್ರಶ್ನೆ. ಅವನು ಕಾದಿದ್ದು ಬೇರೆ ಪ್ರಶ್ನೆಗೆ. ಅದಕ್ಕೆ ಎದೆ ಉಬ್ಬಿಸಿ ಹೇಳುವ ಉತ್ತರ ಸಿದ್ಧವಿತ್ತು. ಇದಕ್ಕೆ ಇರಲಿಲ್ಲ.

"ಗೆಲ್ಲೋಕೆ," ಎಂದ ಕೊನೆಗೆ. "ಅವಳ ಬೆನ್ನಿಗೆ ಅಂತ ನಾನೇ ನಂಬಿಸ್ಕೊಂಡಿದ್ದೆ. ಬೆನ್ನಿಗೂ ಹೌದು. ಆದ್ರೆ ನಿನ್ನ ಮುಂದೆ ಆ ಕವಚ ಇಟ್ಟು ನಿನ್ನ ಬಾಯಿ ಮುಚ್ಚಿಸಬೇಕಿತ್ತು. ಅದಕ್ಕೆ ಅವಳ ಬಾಯಿ ಮುಚ್ಚಿಸಿದೆ. ಅದು ನನ್ನ ತಪ್ಪು, ಎಲ್ಲಿ ಬೇಕಾದ್ರೂ ಒಪ್ಕೋತೀನಿ, ಬರೆದೂ ಕೊಡ್ತೀನಿ. ನೀವು ಬರೆದಿರೋದನ್ನ ಒಪ್ಪಲ್ಲ. ಅದನ್ನ ನಾನು ಮಾಡಿಲ್ಲ."

ಅವಳು ಈಗ ನೋಡಿದಳು. ನಂಬಿದಳೋ ಇಲ್ಲವೋ ಆ ನೋಟದಲ್ಲಿ ತಿಳಿಯುವಂತಿರಲಿಲ್ಲ. ನಂಬಬೇಕೆಂದು ಅವನು ಕೇಳಲೂ ಇಲ್ಲ.

"ನಾನು ಅವಳಿಗೆ ಏನೂ ಹೇಳಿಕಳಿಸೋ ಹಾಗಿಲ್ಲ. ನೀನು ಹೇಳಬಹುದು. ಹೀಗೆ ಹೇಳು, ಹಾಗೆ ಹೇಳು ಅಂತಲ್ಲ. ಏನು ಹೇಳಿದ್ರೂ ಯಾರೂ ಬೈಯಲ್ಲ ಅಂತ ಒಂದು ಮಾತು. ಹೊಸಬರ ಹತ್ರ ಅವಳೊಬ್ಬಳೇ ಮಾತಾಡಲಿ. ಅವಳು ಹೇಳಿದ್ದು ನನಗೆ ಕೆಡುಕಾದ್ರೂ ಸರಿ."

"ಅವನು ಆಟ ಕಟ್ತಿದ್ದಾನೆ, ಎದ್ದೇಳು," ಎಂದ ಅಣ್ಣ.

"ಸುಮ್ನಿರೋ ಸ್ವಲ್ಪ," ಎಂದಳು ಅವಳು.

ಅಷ್ಟೇ. ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ಕೂತಳು, ಆದರೆ ಎದ್ದು ಹೋಗಲಿಲ್ಲ.

ಸಂಧಾನಕಾರ ನಿಟ್ಟುಸಿರು ಬಿಟ್ಟು ಇನ್ನೊಂದು ಹಾಳೆ ತೆಗೆದ. "ನೋಡಿ, ಇವತ್ತು ಇಲ್ಲಿಂದ ಹಾಗೇ ಎದ್ದು ಹೋದ್ರೆ ಮಗಳನ್ನ ಯಾವಾಗ ನೋಡ್ತೀರೋ ನಾನು ಹೇಳಲಾರೆ. ಒಂದು ಗಂಟೆಯಾದ್ರೂ ಒಂದು ಗಂಟೆ. ಕೊನೇ ಸಲ ಕೇಳ್ತಿದ್ದೀನಿ."

ಒಂದು ಗಂಟೆ. ಅವನು ಅದನ್ನು ಕಣ್ಣಿಗೆ ತಂದುಕೊಂಡ. ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ಒರಗಿದ ಮೇಲ್ವಿಚಾರಕ, ಮಗಳು ಕಾಲು ಆಡಿಸುತ್ತ ಕೂತಿದ್ದಾಳೆ. ಯಾಕಪ್ಪ ಇವರು ಇಲ್ಲಿರೋದು ಎಂದು ಅವಳು ಕೇಳುತ್ತಾಳೆ. ಆಗ ಅವನ ಸಹಿಯೇ ಅವಳಿಗೆ ಉತ್ತರ ಹೇಳುತ್ತದೆ. ಪೆನ್ನನ್ನು ಎತ್ತಿ ಮುದುಕನ ಕಡೆಗೆ ಚಾಚಿದ.

"ಒಪ್ಪಿಲ್ಲ ಅಂತ ಬರೀರಿ."

"ಕಾರಣ ಬರೀಬೇಕು. ಏನಂತ ಬರೀಲಿ? ಷರತ್ತು ಒಪ್ಪಿಗೆ ಇಲ್ಲ ಅಂತಲಾ?"

"ಮಗಳು ಸುಳ್ಳು ಹೇಳಿಲ್ಲ ಅಂತ ಬರೀರಿ."

ಮುದುಕ ಬಿಳಿ ಹುಬ್ಬು ಎತ್ತಿದ. "ಅಪ್ಪಾ, ಈ ಹಾಳೇಲಿ ಅದಕ್ಕೆ ಜಾಗ ಇಲ್ಲ."

"ಪಕ್ಕದಲ್ಲಿ ಖಾಲಿ ಇದೆಯಲ್ಲ, ಅಲ್ಲಿ ಬರೀರಿ," ಎಂದ ಅವನು. "ನಾನು ಕಾಯ್ತೀನಿ."